ಕಿತ್ತಳೆ ಎಣ್ಣೆಯ ಸೋಪು ಕೈಕೊಟ್ಟಾಗ: ಬಳ್ಳಾರಿ ಬಿಸಿಲಲ್ಲಿ ದೋಷ ಹುಡುಕುವ ಬಗೆ

"ಅಕ್ಕಾರ, ಸೋಪು ಚಂದ ಬಂದೈತ್ರಿ. ಆದ್ರ ವಾಸನೀನ ಇಲ್ರಿ."

ಏಪ್ರಿಲ್‌ನಲ್ಲಿ ಸಿಂಧನೂರಿನಿಂದ ಬಂದ ಫೋನು ಇದು. ಮನೆಯಲ್ಲೇ ಸೋಪು ಮಾಡಿ ಮಾರುವ ಗೆಳತಿ. ಕಿತ್ತಳೆ ಸಿಪ್ಪೆಯ ಎಣ್ಣೆ ಹಾಕಿದ್ದರು. ಹಾಕುವಾಗ ವಾಸನೆ ಜೋರಾಗಿಯೇ ಇತ್ತಂತೆ. ತಿಂಗಳು ಕಳೆಯುವಷ್ಟರಲ್ಲಿ ಏನೂ ಇಲ್ಲ. ಕಾಸ್ಟಿಕ್ ಸೋಡಾ ಜಾಸ್ತಿ ಆಯ್ತಾ, ಕೊಬ್ಬರಿ ಎಣ್ಣೆ ಸರಿ ಇರಲಿಲ್ವಾ ಅಂತ ರೆಸಿಪಿಯನ್ನೇ ಹಿಡಿದು ಕೂತಿದ್ದರು.

ನಾನು ಸೋಪಿನ ಬಗ್ಗೆ ಕೇಳಲೇ ಇಲ್ಲ. "ಎಣ್ಣಿ ಬಾಟ್ಲಿ ಎಲ್ಲಿಡ್ತೀರಿ?" ಅಂದೆ.

"ಅಡಗಿಮನಿ ಕಿಟಕ್ಯಾಗ."

ಅರ್ಧ ಉತ್ತರ ಅಲ್ಲೇ ಸಿಕ್ಕಿತು. ಬಳ್ಳಾರಿಯಲ್ಲಿ ಕೂತು ಇಷ್ಟು ವರ್ಷ ಸೋಪು, ಕ್ರೀಮು, ತಲೆಗೆಣ್ಣೆ ಮಾಡಿ ನಾನು ಕೆಡಿಸಿಕೊಂಡಿದ್ದು ಕಡಿಮೆ ಏನಲ್ಲ. ಕೆಟ್ಟಾಗಲೆಲ್ಲ ರೆಸಿಪಿಯನ್ನು ಬೈದೆ. ಬಹಳ ಸಲ ತಪ್ಪು ಬಾಟಲಿಯೊಳಗೆ ಇತ್ತು. ಹಾಗಾಗಿ ಈಗ ಮೊದಲು ಬಾಟಲಿ ನೋಡುತ್ತೇನೆ, ಆಮೇಲೆ ಅಳತೆ, ಆಮೇಲೆ ಬಿಸಿ, ಕೊನೆಗೆ ಡಬ್ಬಿ. ಇಲ್ಲಿ ಬರೆದಿರುವುದೂ ಹೆಚ್ಚುಕಡಿಮೆ ಅದೇ ದಾರಿಯಲ್ಲಿದೆ.

ಈ ಎಣ್ಣೆಯ ಸ್ವಭಾವ

ಚಿಕ್ಕವರಿದ್ದಾಗ ದೀಪದ ಮುಂದೆ ಕಿತ್ತಳೆ ಸಿಪ್ಪೆ ಹಿಂಡಿ ಚಟಪಟ ಕಿಡಿ ಹಾರಿಸಿದ್ದೀರಲ್ವಾ? ಹಾರಿದ್ದು ಇದೇ ಎಣ್ಣೆ. ಸಿಪ್ಪೆಯ ಹೊರಮೈಯಲ್ಲಿ ಚುಕ್ಕಿಗಳ ಹಾಗೆ ಕಾಣುತ್ತವಲ್ಲ, ಆ ಸಣ್ಣ ಚೀಲಗಳಲ್ಲಿ ಅದು ಇರುತ್ತದೆ. ಕಾಯಿಸದೆ, ಒತ್ತಿ ತೆಗೆಯುತ್ತಾರೆ. ಜಗತ್ತಿನ ಕಿತ್ತಳೆ ಎಣ್ಣೆಯ ದೊಡ್ಡ ಪಾಲು ಬರುವುದು ಬ್ರೆಜಿಲ್‌ನಂಥ ಕಡೆಯ ಜ್ಯೂಸ್ ಕಾರ್ಖಾನೆಗಳಿಂದ. ಅಲ್ಲಿ ಜ್ಯೂಸೇ ಮುಖ್ಯ ಸರಕು, ಎಣ್ಣೆ ಅದರ ಜೊತೆಗೆ ಬರುವ ಲಾಭ.

ಸಿಹಿ ಕಿತ್ತಳೆ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಪಾಲು ಲಿಮೋನೀನ್ ಅನ್ನುವ ಒಂದೇ ವಸ್ತು. ಅದರ ಗುಣ ಗೊತ್ತಾದರೆ ಅರ್ಧ ರೋಗ ಪತ್ತೆಯಾದ ಹಾಗೆ. ಅದು ಬೇಗ ಹಾರುತ್ತದೆ. ಗಾಳಿ ತಾಗಿದರೆ ಕೆಡುತ್ತದೆ. ಥರ್ಮಾಕೋಲ್, ರಬ್ಬರುಗಳನ್ನು ಕರಗಿಸುತ್ತದೆ. ಸುಮಾರು 50 ಡಿಗ್ರಿ ಬಿಸಿಯಾದರೆ ಅದರ ಆವಿ ಕಿಡಿ ತಾಗಿದ ಕೂಡಲೇ ಹೊತ್ತಿಕೊಳ್ಳಬಹುದು. ಬಳ್ಳಾರಿಗೆ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಅಂತ ನಾವೇ ತಮಾಷೆ ಮಾಡುತ್ತೇವೆ. ಮೇ ತಿಂಗಳಲ್ಲಿ ತಗಡಿನ ಶೀಟಿನ ಕೋಣೆಯೊಳಗೆ ನಿಂತು ನೋಡಿ, 50 ಡಿಗ್ರಿ ದೂರದ ಮಾತಲ್ಲ. ಈ ಎಣ್ಣೆಯನ್ನು ಗ್ಯಾಸ್ ಒಲೆಯ ಪಕ್ಕ ಅಳೆಯಲೂಬೇಡಿ.

ಮೊದಲು ಬಾಟಲಿ

ಸಿಂಧನೂರಿನ ಗೆಳತಿಗೆ ವಿಡಿಯೊ ಕಾಲ್ ಮಾಡಿ ಬಾಟಲಿ ತೋರಿಸಿ ಅಂದೆ. ಕಂದು ಗಾಜು, ಒಳ್ಳೇದು. ಆದರೆ 500 ಮಿಲಿ ಬಾಟಲಿಯ ತಳದಲ್ಲಿ ನಾಲ್ಕು ಬೆರಳಷ್ಟು ಎಣ್ಣೆ, ಮೇಲೆಲ್ಲ ಬರೀ ಗಾಳಿ. ಮುಚ್ಚಳ ತಿರುಗಿಸಲು ಒದ್ದಾಡಿದರು. ತೆರೆದಾಗ ಬಾಯಿಯ ಸುತ್ತ ಹಳದಿ ಅಂಟು, ಬೆಲ್ಲದ ಪಾಕ ಒಣಗಿದ ಹಾಗೆ. "ಮೂಸಿ ನೋಡ್ರಿ" ಅಂದೆ. ಒಂದು ಕ್ಷಣ ಸುಮ್ಮನಿದ್ದು, "ಪೇಂಟಿನವರ ತಿನ್ನರ್ ಇದ್ದಂಗ ಐತ್ರಿ" ಅಂದರು.

ಕೆಟ್ಟ ಕಿತ್ತಳೆ ಎಣ್ಣೆಯ ಗುರುತು ಇದೇ. ಹಣ್ಣಿನ ಸಿಹಿ ಹೋಗಿ ತಿನ್ನರ್, ಟರ್ಪೆಂಟೈನ್ ಕಡೆಗೆ ವಾಲುತ್ತದೆ. ಕೆಲವು ಸಲ ಸಬ್ಬಸಿಗೆ ಬೀಜ ಜಜ್ಜಿದ ವಾಸನೆಯೂ ಬರುತ್ತದೆ. ಅದಕ್ಕೆ ಕಾರಣವಿದೆ. ಲಿಮೋನೀನ್ ಗಾಳಿಯ ಜೊತೆ ಸೇರಿ ಕೆಡುವಾಗ ಹುಟ್ಟುವ ಕಾರ್ವೋನ್ ಅನ್ನುವ ವಸ್ತು ಸಬ್ಬಸಿಗೆ ಬೀಜದಲ್ಲೂ ಇದೆ. ಮೂಗಿಗೆ ಅನುಮಾನ ಬಂದರೆ ಒಂದು ಕಿತ್ತಳೆ ತಂದು ಸಿಪ್ಪೆ ಚಿವುಟಿ ಪಕ್ಕದಲ್ಲಿ ಹಿಡಿದು ಮೂಸಿ. ಇದಕ್ಕಿಂತ ಒಳ್ಳೆ ಮಾಪಕ ಮನೆಯಲ್ಲಿ ಸಿಗಲ್ಲ.

ಕಲಬೆರಕೆಯ ಅನುಮಾನ ಇದ್ದರೆ ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಒಂದು ದಿನ ಬಿಡಿ. ಒತ್ತಿ ತೆಗೆದ ಎಣ್ಣೆಯಲ್ಲಿ ಸ್ವಲ್ಪ ಮೇಣ, ಬಣ್ಣ ಇರುವುದರಿಂದ ನಸು ಹಳದಿ ಕಲೆ ಉಳಿಯುತ್ತದೆ. ಅದು ತಪ್ಪಲ್ಲ. ಆದರೆ ಬಜ್ಜಿ ಕಟ್ಟಿದ ಪೇಪರಿನ ಹಾಗೆ ಆರಪಾರ ಕಾಣುವ ಜಿಡ್ಡು ಉಳಿದರೆ ಅಡುಗೆ ಎಣ್ಣೆಯಂಥದ್ದು ಬೆರೆತಿದೆ. ಇನ್ನೊಂದು ಹನಿ ನೀರಿಗೆ ಬಿಡಿ. ಎಣ್ಣೆ ತೇಲಬೇಕು. ನೀರು ಹಾಲಿನ ಹಾಗೆ ಬೆಳ್ಳಗಾದರೆ ಒಳಗೆ ಬೇರೇನೋ ಇದೆ. ಹೊರಗಿನಿಂದ ತಂದ ಲಿಮೋನೀನನ್ನೇ ಬೆರೆಸಿದ್ದರೆ ಮಾತ್ರ ಈ ಎರಡೂ ಪರೀಕ್ಷೆಗೆ ಸಿಗಲ್ಲ. ಅದಕ್ಕೆ ಲ್ಯಾಬಿನ ವರದಿಯೇ ಬೇಕು. ಕೊಳ್ಳುವಾಗ ಆ ಬ್ಯಾಚಿನ ವರದಿ ಕೇಳಿ, ಅದರಲ್ಲಿ ಪೆರಾಕ್ಸೈಡ್ ಮೌಲ್ಯ, ಅಂದರೆ ಗಾಳಿ ತಾಗಿ ಎಣ್ಣೆ ಎಷ್ಟು ಕೆಟ್ಟಿದೆ ಅನ್ನುವ ಅಂಕಿ, ನೋಡಿ. ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘಟನೆ ಇಫ್ರಾ ಪ್ರಕಾರ ಲಿಮೋನೀನ್ ಜಾಸ್ತಿ ಇರುವ ಎಣ್ಣೆಗಳಲ್ಲಿ ಅದು ಲೀಟರಿಗೆ 20 ಮಿಲಿಮೋಲ್ ದಾಟಬಾರದು. ವರದಿ ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ನಾನಂತೂ ಕೊಳ್ಳಲ್ಲ.

ಬಾಟಲಿ ಕೆಟ್ಟಿದ್ದರೆ ಇಲ್ಲೇ ನಿಲ್ಲಿಸಿ. ಕೆಟ್ಟ ಎಣ್ಣೆಯನ್ನು ಸರಿಮಾಡುವ ದಾರಿ ಇಲ್ಲ, ವಿಟಮಿನ್ ಇ ಹಾಕಿದರೂ ಅಷ್ಟೇ. ವಿಟಮಿನ್ ಇ ಹಾಕುವುದು ಎಣ್ಣೆ ತಾಜಾ ಇರುವಾಗ, 100 ಗ್ರಾಮಿಗೆ 0.1 ಗ್ರಾಂ ಲೆಕ್ಕದಲ್ಲಿ. ದೊಡ್ಡ ಬಾಟಲಿ ತಂದ ದಿನವೇ ಸಣ್ಣ ಗಾಜಿನ ಬಾಟಲಿಗಳಿಗೆ ಕತ್ತಿನವರೆಗೆ ತುಂಬಿ ಫ್ರಿಜ್ಜಿನಲ್ಲಿಡಿ. ತಂಪಿಗೆ ಮಸುಕಾದರೆ ಗಾಬರಿ ಬೇಡ, ಅದು ಮೇಣ. ತೆರೆದ ಬಾಟಲಿಯನ್ನು ಆರು ತಿಂಗಳೊಳಗೆ ಮುಗಿಸಿ. ಗೆಳತಿಯ ಹಳೇ ಎಣ್ಣೆ ಈಗ ಗಾಜಿನ ಡಬ್ಬಿಗಳ ಸ್ಟಿಕ್ಕರ್ ಅಂಟು ಕೀಳಲು ಕೆಲಸಕ್ಕೆ ಬರುತ್ತಿದೆ. ಅದನ್ನೂ ಗ್ಲೌಸ್ ಹಾಕಿಕೊಂಡೇ ಮಾಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಎಣ್ಣೆ ಚೆನ್ನಾಗಿದೆ, ಸೋಪಿನಲ್ಲಿ ವಾಸನೆ ಇಲ್ಲ

ಒಂದು ಸೋಪನ್ನು ಚಾಕುವಿನಿಂದ ಮಧ್ಯಕ್ಕೆ ಕತ್ತರಿಸಿ. ಹೊರಗೆ ವಾಸನೆ ಇಲ್ಲ, ಒಳಗೆ ಇದೆ ಅಂದರೆ ಮಾಡಿದ್ದು ಸರಿ, ಒಣಗಿಸಿದ್ದು ತಪ್ಪು. ಒಳಗೂ ಇಲ್ಲ ಅಂದರೆ ಅಳತೆ ಅಥವಾ ಬಿಸಿ. ಇನ್ನೊಂದು ಮಾತು, ನೀವೇ ಮೂಸಬೇಡಿ. ತಿಂಗಳಿಡೀ ಅದೇ ವಾಸನೆಯಲ್ಲಿರುವ ಮೂಗಿಗೆ ಏನೂ ಗೊತ್ತಾಗಲ್ಲ. ಪಕ್ಕದ ಮನೆಯವರಿಗೆ ಕೊಟ್ಟು, ಕೈ ತೊಳೆಯುವಾಗ ವಾಸನೆ ಬರುತ್ತಾ ಅಂತ ಕೇಳಿ. ಒದ್ದೆಯಾದಾಗ ವಾಸನೆ ಏಳುವ ಸೋಪುಗಳೂ ಇರುತ್ತವೆ.

ಒಣಗಿಸುವುದರ ತಪ್ಪು ಅಂದರೆ ಫ್ಯಾನು. ನಾಲ್ಕರಿಂದ ಆರು ವಾರ ಕ್ಯೂರಿಂಗ್ (ಸೋಪು ಒಣಗಿ ಗಟ್ಟಿಯಾಗಲು ಬಿಡುವುದು) ಬೇಕು ಅಂತ ರ್‍ಯಾಕಿನಲ್ಲಿಟ್ಟು ಮೇಲೆ ಫ್ಯಾನು ಹಚ್ಚಿ ಬಿಡುತ್ತೇವೆ. ಕಿಟಕಿಯಿಂದ ಬಿಸಿಗಾಳಿ ಬೇರೆ. ನೀರು ಹಾರುವ ಜೊತೆಗೆ ಕಿತ್ತಳೆಯೂ ಹಾರಿತು. ನೆಲಮಟ್ಟದ ತಂಪು ಕೋಣೆಯಲ್ಲಿ, ಫ್ಯಾನಿಲ್ಲದೆ, ಸೋಪುಗಳ ನಡುವೆ ಒಂದು ಬೆರಳು ಜಾಗ ಬಿಟ್ಟು ಇಡಿ. ಕ್ಯೂರಿಂಗ್ ಮುಗಿದ ದಿನವೇ ಪೇಪರಿನಲ್ಲಿ ಸುತ್ತಿ ಡಬ್ಬಿಗೆ ಹಾಕಿ.

ಅಳತೆಯಲ್ಲಿ ಎಡವುವುದು ಮಿಲಿ ಮತ್ತು ಗ್ರಾಂ ನಡುವೆ. ಈ ಎಣ್ಣೆ ನೀರಿಗಿಂತ ಹಗುರ. 30 ಮಿಲಿ ಅಂದರೆ ಸುಮಾರು 25 ಗ್ರಾಂ ಮಾತ್ರ. ಪುಸ್ತಕದಲ್ಲಿ 30 ಗ್ರಾಂ ಅಂತ ಇದ್ದು ನೀವು 30 ಮಿಲಿ ಹಾಕಿದರೆ ಆರರಲ್ಲಿ ಒಂದು ಪಾಲು ಕಡಿಮೆ ಬಿತ್ತು. ಕೊಬ್ಬರಿ ಎಣ್ಣೆಯಂಥ, ಸೋಪಾಗುವ ಮೂಲ ಎಣ್ಣೆ ಒಂದು ಕಿಲೋ ಇದ್ದರೆ 25ರಿಂದ 30 ಗ್ರಾಂ ಸಾಕು. ವಾಸನೆ ನಿಲ್ಲಲಿ ಅಂತ ಸುಮ್ನೆ ಎರಡು ಪಟ್ಟು ಸುರಿಯಬೇಡಿ. ಸೋಪು ಮೆತ್ತಗಾಗುತ್ತದೆ, ಚರ್ಮಕ್ಕೂ ಒಳ್ಳೇದಲ್ಲ.

ಇನ್ನು ಬಿಸಿ. ಕಾಸ್ಟಿಕ್ ಸೋಡಾವನ್ನು ನೀರಿಗೆ ಹಾಕಿದಾಗ ಅದು ಸುಲಭವಾಗಿ 80 ಡಿಗ್ರಿ ದಾಟುತ್ತದೆ. (ಸೋಡಾ ನೀರಿಗೆ ಬೀಳಬೇಕು, ನೀರು ಸೋಡಾದ ಮೇಲೆ ಬೀಳಬಾರದು. ಗ್ಲೌಸ್, ಕನ್ನಡಕ ಇಲ್ಲದೆ ಕೈ ಹಾಕಬೇಡಿ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ.) ತಂಪು ಊರುಗಳಲ್ಲಿ ಅದು ಒಂದು ತಾಸಿನಲ್ಲಿ ಆರುತ್ತದೆ. ನಮ್ಮಲ್ಲಿ ಮಧ್ಯಾಹ್ನ ಕೋಣೆಯೇ 40 ಡಿಗ್ರಿ ಇದ್ದಾಗ ಆರುವುದು ಯಾವಾಗ? ನಾನು ಬೇಸಿಗೆಯಲ್ಲಿ ಬೆಳಗ್ಗೆ ಐದೂವರೆಗೆ ಸೋಪು ಮಾಡಲು ಕೂರುತ್ತೇನೆ. ಕಾಸ್ಟಿಕ್ ನೀರಿನ ಪಾತ್ರೆಯನ್ನು ಐಸ್ ನೀರಿನ ಬುಟ್ಟಿಯೊಳಗೆ ಇಳಿಸುತ್ತೇನೆ. ಮಿಶ್ರಣ ತೆಳು ದೋಸೆ ಹಿಟ್ಟಿನ ಹದಕ್ಕೆ ಬಂದ ಮೇಲೆ, ಕೊನೆಯಲ್ಲಿ, ಕಿತ್ತಳೆ ಎಣ್ಣೆ.

ವಿಡಿಯೊ ನೋಡಿ ಕಲಿತವರು ಮಾಡುವ ಇನ್ನೊಂದು ಕೆಲಸ, ಅಚ್ಚಿಗೆ ಸುರಿದ ಮೇಲೆ ಕಂಬಳಿ ಹೊದಿಸುವುದು. ಆ ವಿಡಿಯೊಗಳು ಹಿಮ ಬೀಳುವ ದೇಶದವು. ಬಳ್ಳಾರಿಯಲ್ಲಿ ಸೋಪಿಗೆ ಕಂಬಳಿ ಯಾಕೆ ಬೇಕು ಹೇಳಿ? ಒಳಗೇ ಕುದ್ದು ಉಬ್ಬಿ ಬಿರುಕು ಬಿಟ್ಟ ಸೋಪನ್ನು ಇಲ್ಲೇ ಗಂಗಾವತಿಯಲ್ಲಿ ಒಬ್ಬರ ಮನೆಯಲ್ಲಿ ನೋಡಿದ್ದೇನೆ. ವಾಸನೆಯೆಲ್ಲ ಕಂಬಳಿಗೆ ಹತ್ತಿತ್ತು.

ಇದೆಲ್ಲ ಸರಿ ಇದ್ದರೂ ಬರೀ ಕಿತ್ತಳೆ ಎಣ್ಣೆ ಸೋಪಿನಲ್ಲಿ ಬಹಳ ಕಾಲ ನಿಲ್ಲಲ್ಲ, ಒಪ್ಪಿಕೊಳ್ಳಬೇಕು. ಅದಕ್ಕೆ ಜೊತೆ ಬೇಕು. ನಾನು ನಾಲ್ಕು ಪಾಲು ಕಿತ್ತಳೆಗೆ ಒಂದು ಪಾಲು ನಿಂಬೆಹುಲ್ಲಿನ ಎಣ್ಣೆ, ಮೇಲೆ ಸ್ವಲ್ಪ ಲಾವಂಚದ ಎಣ್ಣೆ ಹಾಕುತ್ತೇನೆ. ಲಾವಂಚ ಭಾರದ ವಾಸನೆ, ತಾನೂ ಬೇಗ ಹೋಗಲ್ಲ, ಜೊತೆಯವರನ್ನೂ ಹಿಡಿದುಕೊಳ್ಳುತ್ತದೆ. ದುಡ್ಡಿದ್ದರೆ ಐದು ಪಟ್ಟು, ಹತ್ತು ಪಟ್ಟು ಗಟ್ಟಿ ಮಾಡಿದ ಕಿತ್ತಳೆ ಎಣ್ಣೆ ಸಿಗುತ್ತದೆ. ಲಿಮೋನೀನನ್ನು ಬಹಳಷ್ಟು ಹೊರತೆಗೆದು, ಉಳಿದ ಭಾರದ ವಾಸನೆಯನ್ನು ಉಳಿಸಿಕೊಂಡ ಎಣ್ಣೆ ಅದು.

ಸೋಪಿನ ಮೇಲೆ ಕಿತ್ತಳೆ ಬಣ್ಣದ ಚುಕ್ಕೆ

ಕಿತ್ತಳೆ ಎಣ್ಣೆ ಹಾಕಿದ್ದೆವು, ಕಿತ್ತಳೆ ಚುಕ್ಕೆ ಬಂತು, ಅಂದಮೇಲೆ ಅದೇ ಕಾರಣ. ಎಲ್ಲರ ಲೆಕ್ಕ ಹೀಗೇ. ಸಾಮಾನ್ಯವಾಗಿ ಅದಲ್ಲ. ಚುಕ್ಕೆಯನ್ನು ಉಗುರಿನಿಂದ ಕೆರೆದು ಮೂಸಿ. ಹಳೇ ಕರಿದ ತಿಂಡಿಯ ಕಮಟು ವಾಸನೆ ಬಂದರೆ ಮೂಲ ಎಣ್ಣೆ ಕಮಟಾಗಿದೆ ಅಂತ ಅರ್ಥ.

ನಮ್ಮ ಸೀಮೆಯಲ್ಲಿ ಇದು ಜಾಸ್ತಿ ಆಗಲು ಕಾರಣ ನಮ್ಮ ಅಡುಗೆಮನೆಯೇ. ಸೂರ್ಯಕಾಂತಿ ಎಣ್ಣೆ, ಕುಸುಬೆ ಎಣ್ಣೆ, ಅಕ್ಕಿ ಮಿಲ್ಲುಗಳ ತೌಡಿನ ಎಣ್ಣೆ. ಕೈಗೆ ಸಿಗುತ್ತವೆ, ಅಗ್ಗ, ಹಾಗಾಗಿ ಸೋಪಿಗೂ ಹಾಕುತ್ತೇವೆ. ಮಾಮೂಲಿ ಸೂರ್ಯಕಾಂತಿ, ಕುಸುಬೆ ಎಣ್ಣೆಗಳಲ್ಲಿ ಬೇಗ ಕಮಟಾಗುವ ಲಿನೋಲಿಕ್ ಆಮ್ಲ ಅರ್ಧಕ್ಕಿಂತ ಜಾಸ್ತಿ. ತೌಡಿನ ಎಣ್ಣೆಯಲ್ಲಿ ಸುಮಾರು ಮೂರನೇ ಒಂದು ಪಾಲು. ಕೊಬ್ಬರಿ ಎಣ್ಣೆಯಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಸೂರ್ಯಕಾಂತಿ, ಕುಸುಬೆ ಎರಡೂ ಸೇರಿ ಒಟ್ಟು ಎಣ್ಣೆಯಲ್ಲಿ ನೂರಕ್ಕೆ ಹತ್ತು ದಾಟದ ಹಾಗೆ ನೋಡಿಕೊಂಡ ಮೇಲೆ ನನ್ನ ಸೋಪಿನಲ್ಲಿ ಚುಕ್ಕೆ ಬಹಳ ಕಡಿಮೆಯಾಯಿತು.

ಎರಡನೇ ಅಪರಾಧಿ ನೀರು. ಬೋರಿನ ಸವಳು ನೀರಿನಲ್ಲಿ ಕಬ್ಬಿಣದ ಅಂಶವಿದ್ದರೆ ಕಮಟಾಗುವುದು ಇನ್ನೂ ಬೇಗ. ತುಕ್ಕು ಹಿಡಿದ ರ್‍ಯಾಕಿನ ತಂತಿ ಸೋಪಿಗೆ ತಾಗಿದರೂ ಅಷ್ಟೇ, ಆಗ ಚುಕ್ಕೆಗಳು ತಂತಿಯ ಸಾಲಿನಲ್ಲೇ ಬರುತ್ತವೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತನ್ನಿ, ಕೊನೆಪಕ್ಷ ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರು.

ಇಷ್ಟಾದರೂ ಕಿತ್ತಳೆ ಎಣ್ಣೆಯ ಮೇಲೇ ಅನುಮಾನ ಇದ್ದರೆ ಮುಂದಿನ ಸಲ ಅದೇ ಹಿಟ್ಟಿನಿಂದ ಎರಡು ಸೋಪು ವಾಸನೆ ಹಾಕದೆ ತೆಗೆದಿಡಿ. ಎರಡರಲ್ಲೂ ಚುಕ್ಕೆ ಬಂದರೆ ವಾದ ಮುಗಿಯಿತು.

ಬಣ್ಣ ಮಾಸುವುದು ದೋಷವೇ ಅಲ್ಲ. ಎಣ್ಣೆಯ ಹಳದಿ ಬೆಳಕಿಗೆ ಮಾಸುತ್ತದೆ. ಬಣ್ಣ ಬರಲಿ ಅಂತ ಸಿಪ್ಪೆ ಪುಡಿ ಹಾಕಿದರೆ ಅದು ಕಂದಾಗುತ್ತದೆ, ಮೈಗೆ ಕೆರೆಯುತ್ತದೆ.

ಮೈ ತುರಿಕೆ, ಉರಿ, ಕಪ್ಪು ಕಲೆ

ಇಲ್ಲಿ ಅವಸರ ಬೇಡ. ಮೊದಲು ಬಳಕೆ ನಿಲ್ಲಿಸಿ, ಆಮೇಲೆ ಕಾರಣ ಹುಡುಕಿ. ಗುಳ್ಳೆ ಎದ್ದರೆ, ಊದಿಕೊಂಡರೆ ಚರ್ಮದ ಡಾಕ್ಟರಿಗೆ ತೋರಿಸಿ, ಸೋಪನ್ನೂ ತಗೊಂಡು ಹೋಗಿ.

ಕಾರಣ ಹುಡುಕಲು ಎರಡು ಪ್ರಶ್ನೆ ಸಾಕು. ಯಾವಾಗ ಶುರುವಾಯಿತು? ಎಲ್ಲಿ ಬಂತು?

ಹಚ್ಚಿದ ಕೂಡಲೇ, ನೊರೆ ಇರುವಾಗಲೇ ಉರಿ ಅಂದರೆ ಕಾಸ್ಟಿಕ್ ಉಳಿದಿರಬಹುದು. ಕ್ಷಾರ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುವ ಪಿಎಚ್ ಪಟ್ಟಿ ಒದ್ದೆ ಮಾಡಿ ಸೋಪಿಗೆ ಒತ್ತಿ. 9, 10 ಬಂದರೆ ಮಾಮೂಲು. 11 ದಾಟಿದರೆ ಆ ಬ್ಯಾಚು ಯಾರಿಗೂ ಬೇಡ.

ಒಂದೆರಡು ದಿನ ಬಿಟ್ಟು, ಹಚ್ಚಿದ ಕಡೆಯೆಲ್ಲ ತುರಿಕೆ, ಕೆಂಪು ಅಂದರೆ ಅಲರ್ಜಿಯ ಅನುಮಾನ. ಹಳೇ ಎಣ್ಣೆಯನ್ನು ಬರಿಗೈಯಲ್ಲಿ ಮುಟ್ಟಬೇಡಿ ಅಂದದ್ದು ಇದಕ್ಕೇ. ತಾಜಾ ಲಿಮೋನೀನ್ ಅಷ್ಟಾಗಿ ಅಲರ್ಜಿ ಮಾಡಲ್ಲ. ಗಾಳಿ ತಾಗಿ ಅದರಿಂದ ಹುಟ್ಟುವ ಹೈಡ್ರೋಪೆರಾಕ್ಸೈಡ್‌ಗಳು ಮಾಡುತ್ತವೆ. ಒಮ್ಮೆ ಮೈಗೆ ಅಲರ್ಜಿ ಹತ್ತಿಕೊಂಡರೆ ಆಮೇಲೆ ಸ್ವಲ್ಪ ತಾಗಿದರೂ ತುರಿಸುತ್ತದೆ. ಯುರೋಪಿನ ನಿಯಮದಲ್ಲಿ ಮೈಮೇಲೆ ಉಳಿಯುವ ಕ್ರೀಮಿನಲ್ಲಿ ಲಿಮೋನೀನ್ ನೂರಕ್ಕೆ 0.001, ತೊಳೆದು ಹೋಗುವ ಸೋಪಿನಲ್ಲಿ 0.01 ದಾಟಿದರೆ ಲೇಬಲ್ಲಿನಲ್ಲಿ ಅದರ ಹೆಸರು ಬರೆಯಲೇಬೇಕು. ಸುಮ್ಮನೆ 'ಸುಗಂಧ' ಅಂತ ಬರೆದು ಕೈ ತೊಳೆದುಕೊಳ್ಳುವ ಹಾಗಿಲ್ಲ. ನಾವು ಸಣ್ಣವರು, ಆದರೂ ಹೆಸರು ಬರೆಯಲು ಏನು ಕಷ್ಟ? ಕೊಳ್ಳುವವರಿಗೆ ಯಾವುದು ಆಗಲ್ಲ ಅಂತ ಗೊತ್ತಿದ್ದರೆ ಅನುಕೂಲ.

ಮೂರನೆಯದು ನಮ್ಮ ಬಿಸಿಲಿನ ಊರುಗಳಿಗೆ ದೊಡ್ಡ ವಿಷಯ. ಮುಖ, ಕತ್ತು, ಮೊಳಕೈ, ಅಂದರೆ ಬಿಸಿಲು ಬೀಳುವ ಕಡೆ ಮಾತ್ರ ಉರಿ, ಆಮೇಲೆ ಕಪ್ಪು ಕಲೆ. ಬಟ್ಟೆಯ ಒಳಗೆ ಏನೂ ಇಲ್ಲ. ಇದು ಬಿಸಿಲು ಮತ್ತು ಲಿಂಬೆ ಜಾತಿಯ ಎಣ್ಣೆ ಸೇರಿ ಮಾಡುವ ಕೆಲಸ. ಒತ್ತಿ ತೆಗೆದ ಲಿಂಬೆ, ಬರ್ಗಮಾಟ್ ಮುಂತಾದ ಎಣ್ಣೆಗಳಲ್ಲಿ ಫ್ಯೂರಾನೊಕೂಮರಿನ್ ಅನ್ನುವ ವಸ್ತುಗಳಿವೆ. ಅವು ಬಿಸಿಲಿನ ಅತಿನೇರಳೆ ಕಿರಣ ಹೀರಿಕೊಂಡು ಚರ್ಮ ಸುಡುತ್ತವೆ. ಕಲೆ ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಉಳಿಯುತ್ತದೆ. ಬಿಸಿಲಲ್ಲಿ ನಿಂತು ಲಿಂಬೆಹಣ್ಣು ಹಿಂಡುವವರ ಕೈಮೇಲೂ ಇಂಥ ಕಲೆ ಬರುವುದುಂಟು.

ಮೈಮೇಲೆ ಉಳಿಯುವ ಕ್ರೀಮು, ಎಣ್ಣೆಗಳಿಗೆ ಇಫ್ರಾ ಹಾಕಿರುವ ಮಿತಿ ಹೀಗಿದೆ: ಬರ್ಗಮಾಟ್ ನೂರಕ್ಕೆ 0.4, ಒತ್ತಿದ ಲೈಮ್ 0.7, ಕಹಿ ಕಿತ್ತಳೆ 1.25, ಒತ್ತಿದ ಲೆಮನ್ 2, ಗ್ರೇಪ್‌ಫ್ರೂಟ್ 4. ಸಿಹಿ ಕಿತ್ತಳೆಗೆ ಈ ತೊಂದರೆ ಇಲ್ಲ. ಬಟ್ಟಿ ಇಳಿಸಿದ ಲೈಮ್ ಎಣ್ಣೆಗೂ ಇಲ್ಲ. ತೊಳೆದು ಹೋಗುವ ಸೋಪಿಗೆ ಈ ಮಿತಿ ಅನ್ವಯಿಸಲ್ಲ. ಒಂದೇ ಕ್ರೀಮಿಗೆ ಇವುಗಳಲ್ಲಿ ಎರಡು ಮೂರು ಹಾಕಿದರೆ ಒಂದೊಂದೂ ಮಿತಿಯೊಳಗಿದೆ ಅಂತ ಸಮಾಧಾನ ಪಡುವಂತಿಲ್ಲ, ಎಲ್ಲದರ ಪರಿಣಾಮ ಕೂಡುತ್ತದೆ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ನಮ್ಮ ಅಡುಗೆಮನೆಯ ಗುಂಡು ಲಿಂಬೆ ಲೆಮನ್ ಅಲ್ಲ, ಲೈಮ್. ನಾವು ಎರಡನ್ನೂ ಲಿಂಬೆ ಅಂತಲೇ ಕರೆಯುತ್ತೇವೆ. ಅಂಗಡಿಯವರೂ ಹಾಗೇ ಕೊಡುತ್ತಾರೆ. ಬಾಟಲಿಯ ಮೇಲಿನ ಸಸ್ಯದ ಹೆಸರು ನೋಡಿ. ಸಿಟ್ರಸ್ ಔರಾಂಟಿಫೋಲಿಯಾ ಇದ್ದರೆ ಲೈಮ್, ಸಿಟ್ರಸ್ ಲಿಮಾನ್ ಇದ್ದರೆ ಲೆಮನ್. 100 ಗ್ರಾಂ ಕ್ರೀಮಿಗೆ ಲೈಮ್ ಎಣ್ಣೆ ಹೆಚ್ಚೆಂದರೆ 0.7 ಗ್ರಾಂ. ಇದನ್ನು ಹನಿ ಎಣಿಸಿ ಹಾಕಬೇಡಿ, ಒಂದು ಬಾಟಲಿಯ ಹನಿ ಇನ್ನೊಂದರ ಹಾಗಿರಲ್ಲ. ಅಕ್ಕಸಾಲಿಗರು ಬಳಸುವಂಥ ಸಣ್ಣ ಡಿಜಿಟಲ್ ತಕ್ಕಡಿ ತನ್ನಿ. ನನ್ನ ಮಟ್ಟಿಗೆ ಹಗಲು ಹಚ್ಚುವ ಮುಖದ ಕ್ರೀಮಿಗೆ ಲಿಂಬೆ ಎಣ್ಣೆ ಹಾಕುವುದನ್ನೇ ಬಿಟ್ಟಿದ್ದೇನೆ. ರಾಯಚೂರಿನ ಬಿಸಿಲಲ್ಲಿ ಬಸ್ಸಿಗೆ ಕಾಯುವವರ ಮುಖದ ಮೇಲೆ ಪ್ರಯೋಗ ಮಾಡುವ ಧೈರ್ಯ ನನಗಿಲ್ಲ.

ಕ್ರೀಮು, ಸ್ಪ್ರೇ, ತಲೆಗೆಣ್ಣೆ

ಸ್ಪ್ರೇ ಬಾಟಲಿಯಲ್ಲಿ ಎಣ್ಣೆ ಮೇಲೆ ತೇಲುತ್ತಿದ್ದರೆ ಆಶ್ಚರ್ಯವಿಲ್ಲ. ನೀರಿನ ಜೊತೆ ಬೆರೆಸುವ ಪಾಲಿಸಾರ್ಬೇಟ್ 20ರಂಥದ್ದು ಹಾಕಿಲ್ಲ. ಅದನ್ನು ಮೊದಲು ಕಿತ್ತಳೆ ಎಣ್ಣೆಯ ಜೊತೆ ಕಲಸಿ ಆಮೇಲೆ ನೀರು ಹಾಕಬೇಕು. ಕ್ರೀಮು ತೆಳುವಾಗಿದ್ದರೆ ಸಿಪ್ಪೆ ಎಣ್ಣೆಯನ್ನು 100 ಗ್ರಾಂ ಕ್ರೀಮಿಗೆ ಅರ್ಧ ಗ್ರಾಮಿಗೆ ಇಳಿಸಿ, ಕ್ರೀಮು 40 ಡಿಗ್ರಿಗಿಂತ ಕೆಳಗೆ ಆರಿದ ಮೇಲೆ ಹಾಕಿ ನೋಡಿ.

ತಲೆಗೆಣ್ಣೆಗೆ ಬೂಸ್ಟು ಹಿಡಿದಿದ್ದರೆ ಅದು ಸಿಪ್ಪೆಯಿಂದ. ಕೊಬ್ಬರಿ ಎಣ್ಣೆಯಲ್ಲಿ ಹಸಿ ಸಿಪ್ಪೆ ಹಾಕಿ ಬಿಸಿಲಿಗಿಟ್ಟು 'ಮನೆಯ ಕಿತ್ತಳೆ ಎಣ್ಣೆ' ಅನ್ನುತ್ತಾರಲ್ಲ, ಅದು ಬೇರೆ, ಒತ್ತಿ ತೆಗೆದ ಎಣ್ಣೆ ಬೇರೆ. ಮಾಡುವುದೇ ಆದರೆ ಮುರಿದರೆ ಪಟ್ ಅನ್ನುವಷ್ಟು ಒಣಗಿದ ಸಿಪ್ಪೆ ಹಾಕಿ.

ಡಬ್ಬಿ

ಡ್ರಾಪರಿನ ರಬ್ಬರ್ ಉಬ್ಬಿ ಜಿಗುಟಾಗಿದೆ, ತೆಳು ಪ್ಲಾಸ್ಟಿಕ್ ಬಾಟಲಿ ಸೊಟ್ಟಗಾಗಿದೆ ಅನ್ನುವವರಿಗೆ ನಾನು ಒಂದು ಆಟ ತೋರಿಸುತ್ತೇನೆ. ಜಾತ್ರೆಯಲ್ಲಿ ಸಿಗುವ ಬಲೂನು ಊದಿ, ಅದರ ಹತ್ತಿರ ಕಿತ್ತಳೆ ಸಿಪ್ಪೆ ಮಡಚಿ ಚಿಮ್ಮಿಸಿ. ಠಪ್. ರಬ್ಬರಿಗೆ ಹೀಗೆ ಮಾಡುವ ಎಣ್ಣೆಯನ್ನು ನೀವು ತಿಂಗಳುಗಟ್ಟಲೆ ರಬ್ಬರಿನ ಕೆಳಗೆ ಇಟ್ಟಿದ್ದೀರಿ. ಸಿಪ್ಪೆ ಎಣ್ಣೆಗೆ ಕಂದು ಗಾಜು, ಗಟ್ಟಿ ಸ್ಕ್ರೂ ಮುಚ್ಚಳ, ಅಷ್ಟೇ.

ಪಾರ್ಸೆಲ್ ಕಳಿಸುವಾಗಲೂ ನೋಡಿಕೊಳ್ಳಿ. ಒಮ್ಮೆ ಕೊಪ್ಪಳಕ್ಕೆ 100 ಮಿಲಿಯ ಬಾಟಲಿ ಕಳಿಸಿದೆ. ಒಡೆಯದಿರಲಿ ಅಂತ ಸುತ್ತ ಥರ್ಮಾಕೋಲ್ ತುಂಬಿದ್ದೆ. ಬಿಸಿಲಿಗೆ ಮುಚ್ಚಳ ಸ್ವಲ್ಪ ಸಡಿಲವಾಗಿತ್ತೋ ಏನೋ. ಅವರು ಕಳಿಸಿದ ಫೋಟೊದಲ್ಲಿ ಬಾಟಲಿ ನೆಟ್ಟಗೆ ನಿಂತಿತ್ತು, ಸುತ್ತ ಥರ್ಮಾಕೋಲೇ ಇರಲಿಲ್ಲ. ತಳದಲ್ಲಿ ಬಿಳಿ ಅಂಟು, ಅಷ್ಟೇ. "ಅಕ್ಕಾರ, ಥರ್ಮಾಕೋಲ್ ಯಾರ್ ತಿಂದ್ರು?" ಅಂತ ಕೆಳಗೆ ಬರೆದಿದ್ದರು. ಈಗ ಹಳೇ ಪೇಪರು ಉಂಡೆ ಮಾಡಿ ತುಂಬುತ್ತೇನೆ.